ಕಾರ್ಪಸ್ ಕ್ರಿಸ್ಟಿ: ಹಬ್ಬದ ದಿನ ಕಂಡ ಕೊಲ್ಲಿಯೇ, ಆಮೇಲೆ ಹುಟ್ಟಿದ ಕತೆಯೇ?

ಹ್ಯೂಸ್ಟನ್ ನಿವಾಸಿ (ಚರ್ಚೆ ಆರಂಭಿಸಿದವರು)

ಟೆಕ್ಸಸ್‌ನ ದಕ್ಷಿಣ ಕರಾವಳಿಯಲ್ಲಿ ಕಾರ್ಪಸ್ ಕ್ರಿಸ್ಟಿ ಎಂಬ ಬಂದರು ನಗರವಿದೆ. ಹ್ಯೂಸ್ಟನ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಇಲ್ಲಿನ ಕನ್ನಡಿಗರಲ್ಲಿ ಹಲವರು ಸಮುದ್ರ ನೋಡಬೇಕೆನಿಸಿದಾಗ ಹೋಗಿಬರುವ ಊರು. ಅದಕ್ಕೆ ಆ ಹೆಸರು ಹೇಗೆ ಬಂತೆಂದು ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: 1519ರಲ್ಲಿ ಅಲೋನ್ಸೊ ಆಲ್ವಾರೆಸ್ ದೆ ಪಿನೇದಾ ಎಂಬ ಸ್ಪೇನಿನ ನಾವಿಕನು ಅಲ್ಲಿನ ಕೊಲ್ಲಿಯನ್ನು ಕಂಡ ದಿನ ಕಾರ್ಪಸ್ ಕ್ರಿಸ್ಟಿ, ಅಂದರೆ ಕ್ರಿಸ್ತನ ಶರೀರದ ಹಬ್ಬ ಇತ್ತು, ಆದ್ದರಿಂದ ಆ ಹೆಸರನ್ನೇ ಇಟ್ಟನು ಎಂದು. ಕತೆ ಚೆನ್ನಾಗಿದೆ, ಆದರೆ ಸ್ವಲ್ಪ ಹೆಚ್ಚೇ ಚೆನ್ನಾಗಿದೆ ಎಂದು ನನಗನ್ನಿಸುತ್ತದೆ.

ನನ್ನ ಪ್ರಶ್ನೆಗಳು ಎರಡು. ಈ ಹಬ್ಬ ಯಾವ ದಿನ ಬರುತ್ತದೆ? ಒಬ್ಬರು ಗುರುವಾರ ಎನ್ನುತ್ತಾರೆ, ಇನ್ನೊಬ್ಬರು ಭಾನುವಾರ ಎನ್ನುತ್ತಾರೆ, ದಿನಾಂಕವನ್ನಂತೂ ಯಾರೂ ಖಚಿತವಾಗಿ ಹೇಳುವುದಿಲ್ಲ. ಎರಡನೆಯದು, ಪಿನೇದಾನ ಕತೆಗೆ ದಾಖಲೆಯೇನಾದರೂ ಇದೆಯೇ?

ಪಂಚಾಂಗಪ್ರಿಯ

ಮೊದಲ ಪ್ರಶ್ನೆ ಸುಲಭದ್ದು. ಇದಕ್ಕೆ ನಿಗದಿಯಾದ ದಿನಾಂಕವಿಲ್ಲ. ನಮ್ಮ ಹಬ್ಬಗಳು ತಿಥಿಯನ್ನು ಹಿಡಿದು ಓಡಾಡುವಂತೆ ಇದು ಈಸ್ಟರ್ ಹಬ್ಬವನ್ನು ಹಿಡಿದು ಓಡಾಡುತ್ತದೆ, ಮತ್ತು ಈಸ್ಟರ್ ಕೂಡ ಹುಣ್ಣಿಮೆಯ ಲೆಕ್ಕದಿಂದಲೇ ನಿಗದಿಯಾಗುತ್ತದೆ. ಈಸ್ಟರ್ ಭಾನುವಾರಕ್ಕೆ 60 ದಿನ ಸೇರಿಸಿದರೆ ಸಿಗುವ ಗುರುವಾರವೇ ಕಾರ್ಪಸ್ ಕ್ರಿಸ್ಟಿ. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದದ್ದರಿಂದ ಈ ಹಬ್ಬ ಜೂನ್ 19ಕ್ಕೆ ಬಂತು. 2026ರಲ್ಲಿ ಈಸ್ಟರ್ ಏಪ್ರಿಲ್ 5ಕ್ಕೆ, ಹಬ್ಬ ಜೂನ್ 4ಕ್ಕೆ. ಎಷ್ಟೇ ಹಿಂದಕ್ಕೆ ಸರಿದರೂ ಮೇ 21ಕ್ಕಿಂತ ಮೊದಲು ಬರದು, ಎಷ್ಟೇ ಮುಂದಕ್ಕೆ ಹೋದರೂ ಜೂನ್ 24ನ್ನು ದಾಟದು. ಗುರುವಾರ ಸಾರ್ವಜನಿಕ ರಜೆಯಿಲ್ಲದ ದೇಶಗಳಲ್ಲಿ ಅದನ್ನು ಮುಂದಿನ ಭಾನುವಾರಕ್ಕೆ ಸರಿಸುತ್ತಾರೆ. ಅಮೆರಿಕದಲ್ಲಿಯೂ ಭಾರತದಲ್ಲಿಯೂ ನಡೆಯುವುದು ಅದೇ.

ಕುತೂಹಲಕ್ಕೆಂದು 1519ರ ಲೆಕ್ಕವನ್ನೂ ಹಾಕಿದೆ. ಆಗ ಬಳಕೆಯಲ್ಲಿದ್ದದ್ದು ಹಳೆಯ ಜೂಲಿಯನ್ ಪಂಚಾಂಗ. ಅದರ ಪ್ರಕಾರ ಆ ವರ್ಷದ ಈಸ್ಟರ್ ಏಪ್ರಿಲ್ 24ಕ್ಕೆ ಬಿತ್ತು, ಹಬ್ಬ ಜೂನ್ 23ಕ್ಕೆ. ಪಿನೇದಾ ಆ ಹೊತ್ತಿಗೆ ಮೆಕ್ಸಿಕೊ ಕೊಲ್ಲಿಯಲ್ಲಿಯೇ ಇದ್ದನು. ಆದ್ದರಿಂದ ಪಂಚಾಂಗವೇನೂ ಕತೆಗೆ ಅಡ್ಡ ಬರುವುದಿಲ್ಲ.

ಹಳೆಯ ನಕ್ಷೆ

ಪಂಚಾಂಗ ಅಡ್ಡ ಬರುವುದಿಲ್ಲ, ಸರಿ; ಆದರೆ ಅಡ್ಡ ಬಾರದಿರುವುದು ಸಾಕ್ಷ್ಯವಾಗುವುದಿಲ್ಲ.

ಪಿನೇದಾನನ್ನು ಕಳುಹಿಸಿದವನು ಜಮೈಕಾದ ಗವರ್ನರ್ ಫ್ರಾನ್ಸಿಸ್ಕೊ ದೆ ಗರಾಯ್. ನಾಲ್ಕು ಹಡಗುಗಳೊಂದಿಗೆ ಹೊರಟ ಪಿನೇದಾ ಫ್ಲೋರಿಡಾದಿಂದ ಮೆಕ್ಸಿಕೊವರೆಗೆ ಕರಾವಳಿಯನ್ನು ಅನುಸರಿಸಿ ಸಾಗಿದನು, ಫ್ಲೋರಿಡಾ ದ್ವೀಪವಲ್ಲ, ಭೂಖಂಡಕ್ಕೆ ಅಂಟಿದ ಪರ್ಯಾಯದ್ವೀಪ ಎಂಬುದನ್ನು ತೋರಿಸಿಕೊಟ್ಟನು. ಇದು ಸಣ್ಣ ಸಾಧನೆಯಲ್ಲ. ಆದರೆ ಅವನ ದಿನಚರಿ ಉಳಿದಿಲ್ಲ. ಉಳಿದಿರುವುದು ಸ್ಪೇನಿನ ಸೆವಿಲ್ಲೆಯ ಪತ್ರಾಗಾರದಲ್ಲಿರುವ ಒಂದು ಕೈಬರಹದ ನಕ್ಷೆ. ಅದರಲ್ಲಿ ಕರಾವಳಿಯ ಗೆರೆ ಇದೆ, ಪವಿತ್ರಾತ್ಮದ ಹೆಸರಿನ ಒಂದು ನದಿಯಿದೆ, ಇನ್ನು ಕೆಲವು ಹೆಸರುಗಳಿವೆ, ಆದರೆ ಕಾರ್ಪಸ್ ಕ್ರಿಸ್ಟಿ ಎಂಬ ಹೆಸರು ಮಾತ್ರ ಇಲ್ಲ.

ಇನ್ನೊಂದು ಸಂಗತಿ. 1747ರಲ್ಲಿ ಹೊಆಕಿನ್ ದೆ ಒರೋಬಿಯೊ ಇ ಬಾಸ್ತೇರಾ ಎಂಬ ಸ್ಪೇನಿನ ಅಧಿಕಾರಿ ನ್ಯೂಸೆಸ್ ನದಿ ಸಮುದ್ರ ಸೇರುವ ಜಾಗಕ್ಕೆ ನೆಲದ ದಾರಿಯಿಂದ ಬಂದು, ಆ ಕೊಲ್ಲಿಗೆ ಪ್ರಧಾನ ದೇವದೂತ ಸಂತ ಮಿಕಾಯೇಲರ ಹೆಸರಿಟ್ಟನು. ಇನ್ನೂರು ವರ್ಷಗಳಿಂದ ಅದಕ್ಕೊಂದು ಹೆಸರಿದ್ದಿದ್ದರೆ ಮತ್ತೆ ನಾಮಕರಣ ಮಾಡುವ ಅಗತ್ಯವೇನಿತ್ತು? ಕಾರ್ಪಸ್ ಕ್ರಿಸ್ಟಿ ಎಂಬ ಹೆಸರು ಆ ಕರಾವಳಿಗೆ ಗಟ್ಟಿಯಾಗಿ ಅಂಟಿಕೊಂಡದ್ದು 1766ರಲ್ಲಿ ನಡೆದ ಡಿಯೇಗೊ ಓರ್ತಿಸ್ ಪಾರಿಯಾನ ಸಮೀಕ್ಷೆಯ ನಂತರ.

ಸಂಶಯಜೀವಿ

ಅಂದರೆ ಪ್ರವಾಸಿ ಕೈಪಿಡಿಗಳೆಲ್ಲ 247 ವರ್ಷ ಹಿಂದಕ್ಕೆ ಹೋಗಿವೆ ಎಂದಾಯಿತು.

ಮಲ್ಲೇಶ್ವರದ ಮೇಷ್ಟ್ರು

ಹಳೆಯ ನಕ್ಷೆಯವರ ವಾದದಲ್ಲಿ ಒಂದು ಬಿರುಕಿದೆ. ಒಬ್ಬ ನಾವಿಕ ಇಟ್ಟ ಹೆಸರನ್ನು ಇನ್ನೊಬ್ಬನು ತಿಳಿಯದೆಯೇ ಹೊಸ ಹೆಸರಿಟ್ಟ ಪ್ರಸಂಗಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಆದ್ದರಿಂದ 1747ರ ನಾಮಕರಣವು 1519ರ ನಾಮಕರಣವನ್ನು ಅಲ್ಲಗಳೆಯುವುದಿಲ್ಲ.

ಅಲ್ಲದೆ, ಹಬ್ಬದ ದಿನವನ್ನೇ ಊರಿಗೆ ಹೆಸರಾಗಿಸುವುದು ಆ ಕಾಲದ ಸ್ಪೇನ್ ಮತ್ತು ಪೋರ್ಚುಗಲ್ ನಾವಿಕರ ಮಾಮೂಲು ರೂಢಿಯಾಗಿತ್ತು. ಅದೇ 1519ರಲ್ಲಿ ಎರ್ನಾನ್ ಕೋರ್ತೆಸ್ ಮೆಕ್ಸಿಕೊದ ತೀರಕ್ಕೆ ಕಾಲಿಟ್ಟದ್ದು ಶುಭ ಶುಕ್ರವಾರದಂದು, ಮತ್ತು ಅಲ್ಲಿ ಹುಟ್ಟಿದ ಊರಿಗೆ ಪವಿತ್ರ ಶಿಲುಬೆಯ ಹೆಸರು ಬಂದು ಅದು ವೆರಾಕ್ರೂಸ್ ಬಂದರಾಯಿತು. ಬ್ರೆಜಿಲ್‌ನ ನಟಾಲ್ ನಗರವು 1599ರ ಡಿಸೆಂಬರ್ 25ರಂದು ಸ್ಥಾಪನೆಯಾಯಿತು, ಹೆಸರೇ ಕ್ರಿಸ್ಮಸ್. ವಾಸ್ಕೊ ಡ ಗಾಮಾ 1497ರ ಕ್ರಿಸ್ಮಸ್ ಹೊತ್ತಿಗೆ ಕಂಡ ದಕ್ಷಿಣ ಆಫ್ರಿಕಾದ ಕರಾವಳಿಯೂ ನಟಾಲ್ ಆಯಿತು. ಇಷ್ಟೊಂದು ಉದಾಹರಣೆಗಳಿರುವಾಗ ಪಿನೇದಾ ಮಾತ್ರ ಹಾಗೆ ಮಾಡಿರಲಾರ ಎಂದು ಏಕೆ ಹಟ ಹಿಡಿಯಬೇಕು?

ಹಳೆಯ ನಕ್ಷೆ

ಮೇಷ್ಟ್ರೇ, ನಾನು ಹಟ ಹಿಡಿಯುತ್ತಿಲ್ಲ, ದಾಖಲೆ ಕೇಳುತ್ತಿದ್ದೇನೆ. ನೀವು ಕೊಟ್ಟ ಉದಾಹರಣೆಗಳ ಬಲವಿರುವುದು ದಾಖಲೆಗಳಲ್ಲಿಯೇ. ವೆರಾಕ್ರೂಸ್‌ನ ವಿಷಯ ಕೋರ್ತೆಸನ ಜೊತೆಯಲ್ಲಿದ್ದವರೇ ಬರೆದಿಟ್ಟಿದ್ದಾರೆ. ಪಿನೇದಾನ ವಿಷಯದಲ್ಲಿ ಅಂಥದ್ದೇನೂ ಇಲ್ಲ. ರೂಢಿಯಿತ್ತು ಎಂಬುದರಿಂದ ಈ ಊರಿನಲ್ಲಿಯೂ ಹಾಗೆಯೇ ಆಯಿತು ಎಂದು ಹೇಳಲು ಬರುವುದಿಲ್ಲ. ರೂಢಿಯಿದ್ದದ್ದರಿಂದಲೇ ಜನರು ಇಲ್ಲಿಗೂ ಅಂಥದ್ದೊಂದು ಕತೆಯನ್ನು ಜೋಡಿಸಿದರು ಎಂದೂ ವಾದಿಸಬಹುದಲ್ಲವೇ?

ಕೊಡಿಯಾಲದವಳು

ನೀವೆಲ್ಲ ನಾವಿಕರ ಹಿಂದೆ ಬಿದ್ದಿದ್ದೀರಿ, ಹಬ್ಬದ ಬಗ್ಗೆ ಯಾರೂ ಒಂದು ಮಾತನ್ನೂ ಹೇಳಿಲ್ಲ. ಈ ಹಬ್ಬವನ್ನು ಹುಟ್ಟಿನಿಂದ ಆಚರಿಸುತ್ತ ಬಂದವಳಾಗಿ ನಾನೇ ಹೇಳುತ್ತೇನೆ.

ಇದು ಯೇಸುವಿನ ಜೀವನದ ಒಂದು ಘಟನೆಯನ್ನು ನೆನೆಯುವ ಹಬ್ಬವಲ್ಲ. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಅರ್ಪಿತವಾಗುವ ರೊಟ್ಟಿಯಲ್ಲಿ ಕ್ರಿಸ್ತನು ನಿಜವಾಗಿಯೂ ಇದ್ದಾನೆ ಎಂಬ ಕಥೋಲಿಕರ ವಿಶ್ವಾಸವನ್ನೇ ಕೊಂಡಾಡುವ ಹಬ್ಬ. ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಭೋಜನ ನಡೆದದ್ದು ಗುರುವಾರ, ಆದರೆ ಪವಿತ್ರ ಗುರುವಾರದ ಮರುದಿನವೇ ಶಿಲುಬೆಯ ಯಾತನೆಯ ದಿನವಾದ್ದರಿಂದ ಆಗ ಮನಸ್ಸು ಬಿಚ್ಚಿ ಸಂಭ್ರಮಿಸಲು ಆಗುವುದಿಲ್ಲ. ಅದಕ್ಕಾಗಿಯೇ ಪಾಸ್ಖ (ಈಸ್ಟರ್) ಕಾಲವೆಲ್ಲ ಮುಗಿದ ಮೇಲೆ ಬೇರೊಂದು ಗುರುವಾರವನ್ನು ಇದಕ್ಕೆಂದು ಎತ್ತಿಟ್ಟರು.

ಆಚರಣೆಯ ತಿರುಳು ಇರುವುದು ಮೆರವಣಿಗೆಯಲ್ಲಿ. ಸೂರ್ಯನ ಕಿರಣಗಳಂತೆ ಸುತ್ತಲೂ ಕಡ್ಡಿಗಳಿರುವ ಹೊಂಬಣ್ಣದ ಪಾತ್ರೆಯ ನಡುವೆ ಒಂದು ಚಿಕ್ಕ ದುಂಡನೆಯ ಗಾಜು, ಅದರೊಳಗೆ ಬಿಳಿಯ ರೊಟ್ಟಿ. ಗುರುಗಳು ಆ ಪಾತ್ರೆಯನ್ನು ಬರಿಗೈಯಿಂದ ಮುಟ್ಟುವುದಿಲ್ಲ. ಹೆಗಲ ಮೇಲಿಂದ ಇಳಿಬಿಟ್ಟ ಉದ್ದನೆಯ ಶಾಲಿನ ತುದಿಗಳಲ್ಲಿ ಕೈಗಳನ್ನು ಸುತ್ತಿಕೊಂಡು ಹಿಡಿಯುತ್ತಾರೆ. ನಾಲ್ವರು ನಾಲ್ಕು ಕೋಲುಗಳಲ್ಲಿ ಮೇಲ್ಕಟ್ಟು ಹಿಡಿದು ಜೊತೆಗೆ ನಡೆಯುತ್ತಾರೆ, ಮುಂದೆ ಧೂಪ ಹಾಕುವವರು, ಮಕ್ಕಳು ಹೂವಿನ ಪಕಳೆಗಳನ್ನು ಚೆಲ್ಲುತ್ತ ಸಾಗುತ್ತಾರೆ. ಜೂನ್ ತಿಂಗಳೆಂದರೆ ನಮ್ಮ ಕರಾವಳಿಯಲ್ಲಿ ಆಕಾಶ ಕಳಚಿ ಬೀಳುವ ಕಾಲ, ಬೀದಿಯ ಮೆರವಣಿಗೆಯನ್ನು ನಂಬಿ ಕೂರಲಾಗದು. ಮಂಗಳೂರಿನ ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕ್ಯಾಥೆಡ್ರಲ್‌ಗೆ ಸಾಗುವ ಪರಮಪ್ರಸಾದದ, ಅಂದರೆ ಆ ಅರ್ಪಿತ ರೊಟ್ಟಿಯ, ದೊಡ್ಡ ಮೆರವಣಿಗೆ ನಡೆಯುವುದು ಜನವರಿಯಲ್ಲಿ.

ಸಂಶಯಜೀವಿ

ಜನವರಿಗೆ ಬದಲಾಯಿಸಿದ್ದು ಮಳೆಯ ಕಾರಣಕ್ಕೇ ಎಂದು ನಿಮಗೆ ಖಾತ್ರಿಯೇ?

ಕೊಡಿಯಾಲದವಳು

ಬದಲಾಯಿಸಿದರು ಎಂದು ನಾನು ಎಲ್ಲಿಯೂ ಬರೆದಿಲ್ಲ. ಜನವರಿಯದು ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ವಾರ್ಷಿಕ ಮೆರವಣಿಗೆ, ಜೂನ್‌ನ ಹಬ್ಬದ ಬಲಿಪೂಜೆ ಅದರ ಪಾಡಿಗೆ ನಡೆಯುತ್ತದೆ. ಓದಿ ಕೇಳಿ.

ಮಲ್ಲೇಶ್ವರದ ಮೇಷ್ಟ್ರು

ಹಬ್ಬದ ಚರಿತ್ರೆಯನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಇದರ ಹಿಂದೆ ಒಬ್ಬ ಹೆಣ್ಣುಮಗಳ ಪಟ್ಟು ಇದೆ. ಇಂದಿನ ಬೆಲ್ಜಿಯಂನ ಲಿಯೇಜ್ ಪಟ್ಟಣದ ಸನ್ಯಾಸಿನಿ ಜೂಲಿಯಾನಾಗೆ ಪ್ರಾರ್ಥನೆಯ ವೇಳೆ ಮತ್ತೆ ಮತ್ತೆ ಒಂದು ದರ್ಶನವಾಗುತ್ತಿತ್ತು: ತುಂಬು ಚಂದ್ರ, ಅದರಲ್ಲೊಂದು ಕಪ್ಪು ಕಲೆ. ಧರ್ಮಸಭೆಯ ಹಬ್ಬಗಳ ಸಾಲಿನಲ್ಲಿ ಒಂದು ಕೊರತೆಯಿದೆ, ಪರಮಪ್ರಸಾದಕ್ಕೆಂದೇ ಒಂದು ದಿನವಿಲ್ಲ ಎಂದು ಆಕೆ ಅದನ್ನು ಅರ್ಥೈಸಿದರು. ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಕೊನೆಗೆ ಆಪ್ತರಲ್ಲಿ ಹೇಳಿಕೊಂಡು, ಅದು ಬಿಷಪ್ ರಾಬರ್ಟ್ ಅವರ ಕಿವಿಗೆ ಮುಟ್ಟಿ, 1246ರಲ್ಲಿ ಅವರು ತಮ್ಮ ಧರ್ಮಕ್ಷೇತ್ರದ ಮಟ್ಟಿಗೆ ಹಬ್ಬವನ್ನು ಘೋಷಿಸಿದರು. ಅದೇ ಲಿಯೇಜ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಗುರುವೊಬ್ಬರು ನಾಲ್ಕನೆಯ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆದದ್ದು ಹಬ್ಬದ ಅದೃಷ್ಟ. ಅವರು 1264ರಲ್ಲಿ ಇಡೀ ಧರ್ಮಸಭೆಗೆ ಅದನ್ನು ವಿಧಿಸಿದರು, ಪ್ರಾರ್ಥನಾ ವಿಧಿಯನ್ನು ರಚಿಸುವ ಹೊಣೆ ತತ್ವಜ್ಞಾನಿ ಥಾಮಸ್ ಅಕ್ವಿನಾಸರಿಗೆ ಬಂತೆಂಬುದು ಪರಂಪರೆ. ಆಜ್ಞೆ ಹೊರಟ ಎರಡೇ ತಿಂಗಳಲ್ಲಿ ಅರ್ಬನ್ ತೀರಿಕೊಂಡರು, ಹಬ್ಬವೂ ಅರ್ಧಕ್ಕೆ ನಿಂತಿತು. ಅದು ಎಲ್ಲ ಕಡೆ ಬೇರೂರಲು ಹದಿನಾಲ್ಕನೆಯ ಶತಮಾನ ಬರಬೇಕಾಯಿತು. ಜೂಲಿಯಾನಾ 1258ರಲ್ಲಿಯೇ ತೀರಿಕೊಂಡಿದ್ದರು, ಅದೂ ಸ್ವಂತ ಮಠದಿಂದ ಹೊರದೂಡಲ್ಪಟ್ಟ ಸ್ಥಿತಿಯಲ್ಲಿ.

ಪಿನೇದಾನ ಕಾಲಕ್ಕೆ ಸ್ಪೇನಿನಲ್ಲಿ ಇದು ಬೀದಿ ಬೀದಿಗಳನ್ನು ಸಿಂಗರಿಸುವ ಮಹೋತ್ಸವವಾಗಿ ಬೆಳೆದಿತ್ತು. ಅಂಥ ದಿನವನ್ನು ಯಾವ ನಾವಿಕನೂ ಮರೆಯುವಂತಿರಲಿಲ್ಲ ಎಂಬುದು ನನ್ನ ವಾದಕ್ಕೆ ಪೂರಕ.

ಹಳೆಯ ನಕ್ಷೆ

ಆ ಮಾತು ಓರ್ತಿಸ್ ಪಾರಿಯಾನಿಗೂ ಅಷ್ಟೇ ಅನ್ವಯಿಸುತ್ತದೆ, ಮೇಷ್ಟ್ರೇ.

ಹಡಗುಕಟ್ಟೆ

ಎರಡೂ ಕಡೆಯವರು ಒಂದು ಅಂಶವನ್ನು ಬಿಟ್ಟಿದ್ದೀರಿ. ಹಬ್ಬದ ಹೆಸರು ಬಂದದ್ದು ಕೊಲ್ಲಿಗೆ, ಊರಿಗಲ್ಲ. ಆ ಜಾಗದಲ್ಲಿ ಊರು ಹುಟ್ಟಿದ್ದು 1839ರ ಸುಮಾರಿಗೆ, ಹೆನ್ರಿ ಕಿನ್ನಿ ಎಂಬ ವ್ಯಾಪಾರಿ ಅಲ್ಲೊಂದು ವ್ಯಾಪಾರದ ಠಾಣೆಯನ್ನು ತೆರೆದಾಗ. ಜನರು ಅದನ್ನು ಕಿನ್ನಿಯ ಠಾಣೆ ಎಂದೇ ಕರೆಯುತ್ತಿದ್ದರು. ಮೆಕ್ಸಿಕೊದ ಗಡಿ ತಂಟೆಯ ಕಾಲ ಅದು, ಅಂಗಡಿಯ ಮುಂಬಾಗಿಲಿನ ವ್ಯಾಪಾರಕ್ಕಿಂತ ಹಿಂಬಾಗಿಲಿನ ಕಳ್ಳಸಾಗಣೆ ಜೋರಾಗಿತ್ತು. 1845ರಲ್ಲಿ ಜನರಲ್ ಜಕಾರಿ ಟೇಲರ್ ಅಲ್ಲಿ ಸುಮಾರು 4000 ಸೈನಿಕರೊಂದಿಗೆ ಬೀಡುಬಿಟ್ಟು, ಮರುವರ್ಷದ ಮಾರ್ಚ್‌ನಲ್ಲಿ ದಕ್ಷಿಣಕ್ಕೆ ಹೊರಟನು. ಅದರ ಹಿಂದೆಯೇ ಮೆಕ್ಸಿಕೊ ಯುದ್ಧ. 1852ರಲ್ಲಿ ಪಟ್ಟಣವು ಅಧಿಕೃತವಾಗಿ ಸ್ಥಾಪನೆಯಾಯಿತು. ಊರು ಕೊಲ್ಲಿಯ ಹೆಸರನ್ನು ಎತ್ತಿಕೊಂಡಿತು ಅಷ್ಟೆ, ಕಿನ್ನಿಗೆ ಭಕ್ತಿ ಉಕ್ಕಿ ಬಂದು ಇಟ್ಟ ಹೆಸರಲ್ಲ.

ಇನ್ನು ಬಂದರು. ಅದು ಹುಟ್ಟಿದ್ದು ಹಬ್ಬದಿಂದಲೂ ಅಲ್ಲ, ಕಿನ್ನಿಯಿಂದಲೂ ಅಲ್ಲ, ಒಂದು ಚಂಡಮಾರುತದಿಂದ. 1919ರ ಸೆಪ್ಟೆಂಬರ್ 14, ಭಾನುವಾರ. ಸಮುದ್ರವು ಊರೊಳಕ್ಕೆ ನುಗ್ಗಿ ನಾರ್ತ್ ಬೀಚ್ ಎಂಬ ಬಡಾವಣೆಯನ್ನು ಬಹುಮಟ್ಟಿಗೆ ಗುಡಿಸಿ ಹಾಕಿತು. ಸತ್ತವರ ಅಧಿಕೃತ ಲೆಕ್ಕ 300ರ ಸಮೀಪ, ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದೇ ಎಲ್ಲರ ಅಂದಾಜು. ಆ ಹೊಡೆತದ ನಂತರ ಊರಿನವರು ತಡೆಗೋಡೆಯೊಳಗಿನ ಆಳ ನೀರಿನ ಬಂದರಿಗಾಗಿ ಸರ್ಕಾರದ ಬೆನ್ನುಬಿದ್ದು, ಗೆದ್ದರು. ಉದ್ಘಾಟನೆಗೆ ಆರಿಸಿಕೊಂಡ ದಿನ 1926ರ ಸೆಪ್ಟೆಂಬರ್ 14, ಅಂದರೆ ಚಂಡಮಾರುತದ ಏಳನೆಯ ವರ್ಷದ ದಿನ. ಆ ಊರಿನ ಹೆಸರಿಗೆ ಒಂದು ದಿನ, ಬಂದರಿಗೆ ಇನ್ನೊಂದು ದಿನ. ಎರಡನೆಯದಕ್ಕೆ ದಾಖಲೆ ಬೇಕಾದಷ್ಟಿದೆ.

ಹ್ಯೂಸ್ಟನ್ ನಿವಾಸಿ

ಇದು ನನಗೆ ಗೊತ್ತಿರಲಿಲ್ಲ. ಆ ತೀರದಲ್ಲಿ ಮೆಟ್ಟಿಲುಗಳಂತೆ ನೀರಿಗಿಳಿಯುವ ಉದ್ದನೆಯ ಕಾಂಕ್ರೀಟ್ ಗೋಡೆಯಿದೆಯಲ್ಲ, ಅದೂ 1919ರ ನಂತರದ್ದೇ?

ಹಡಗುಕಟ್ಟೆ

ಹೌದು, 1941ರ ಹೊತ್ತಿಗೆ ಮುಗಿದದ್ದು. ಅದರ ಮೊದಲ ಯೋಜನೆಯನ್ನು ಹಾಕಿಕೊಟ್ಟವನು ರಶ್ಮೋರ್ ಬೆಟ್ಟದಲ್ಲಿ ಅಧ್ಯಕ್ಷರ ಮುಖಗಳನ್ನು ಕೆತ್ತಿದ ಗಟ್ಸನ್ ಬೋರ್ಗ್ಲಮ್. ಕೊಲ್ಲಿಯ ನೀರಿನಲ್ಲಿ ಕ್ರಿಸ್ತನ ಭಾರೀ ಪ್ರತಿಮೆಯೊಂದನ್ನು ನಿಲ್ಲಿಸಬೇಕೆಂದು ಅವನು ಸೂಚಿಸಿದ್ದನು, ಊರಿನವರು ಒಪ್ಪಲಿಲ್ಲ. ಗೋಡೆಯನ್ನು ಕಡೆಗೆ ಬೇರೆ ಎಂಜಿನಿಯರುಗಳು ಕಟ್ಟಿದರು. ಬಿರುಗಾಳಿಯನ್ನು ಶಾಂತಗೊಳಿಸುತ್ತಿರುವ ಕ್ರಿಸ್ತನ ಕಂಚಿನ ಪ್ರತಿಮೆಯೊಂದು 1990ರ ದಶಕದಲ್ಲಿ ತೀರದ ರಸ್ತೆಯ ಪಕ್ಕಕ್ಕೆ ಬಂತು. ಅದನ್ನು ನಿಲ್ಲಿಸಿಕೊಂಡದ್ದು ಒಂದು ಮೆಥಡಿಸ್ಟ್ ಚರ್ಚ್ ಎಂಬುದು ಸ್ವಾರಸ್ಯದ ಸಂಗತಿ, ಏಕೆಂದರೆ ಕಾರ್ಪಸ್ ಕ್ರಿಸ್ಟಿ ಹಬ್ಬವು ಅವರ ಪಂಚಾಂಗದ್ದಲ್ಲ.

ನೀರಡಿಯವನು

ಈ ಹೆಸರಿನ ಬಗ್ಗೆ ನಡೆದ ನಿಜವಾದ ಜಗಳವನ್ನು ಯಾರೂ ಪ್ರಸ್ತಾಪಿಸಿಲ್ಲವಲ್ಲ! ಅಮೆರಿಕದ ನೌಕಾಪಡೆಯು ಲಾಸ್ ಏಂಜಲೀಸ್ ವರ್ಗದ ಪರಮಾಣು ಜಲಾಂತರ್ಗಾಮಿಗಳಿಗೆ ನಗರಗಳ ಹೆಸರಿಡುತ್ತಿತ್ತು. ಅದಕ್ಕೂ ಮೊದಲು ಮೀನುಗಳ ಹೆಸರಿಡುತ್ತಿದ್ದರು. ಮೀನುಗಳು ಮತ ಹಾಕುವುದಿಲ್ಲ, ಆದ್ದರಿಂದ ಪದ್ಧತಿ ಬದಲಾಯಿತು ಎಂದು ಅಡ್ಮಿರಲ್ ರಿಕೋವರ್ ಚಟಾಕಿ ಹಾರಿಸಿದ್ದು ಪ್ರಸಿದ್ಧವಾಗಿದೆ. ಅಂಥ ಒಂದು ಜಲಾಂತರ್ಗಾಮಿಗೆ ಕಾರ್ಪಸ್ ಕ್ರಿಸ್ಟಿ ಎಂದು ಹೆಸರಿಟ್ಟು 1981ರಲ್ಲಿ ನೀರಿಗಿಳಿಸಿದರು. ಯುದ್ಧದ ಯಂತ್ರಕ್ಕೆ ಕ್ರಿಸ್ತನ ಶರೀರದ ಹೆಸರೇ ಎಂದು ಬಿಷಪರೂ ಶಾಂತಿವಾದಿಗಳೂ ತಿರುಗಿಬಿದ್ದರು. ನೌಕಾಪಡೆಯ ಕಾರ್ಯದರ್ಶಿ ಜಾನ್ ಲೀಮನ್, ಸ್ವತಃ ಕಥೋಲಿಕರು, ಇದು ಊರಿನ ಹೆಸರಷ್ಟೇ ಎಂದು ಸಮರ್ಥಿಸಿಕೊಂಡರು. ಕೊನೆಗೆ 1982ರಲ್ಲಿ ಅಧ್ಯಕ್ಷ ರೇಗನ್ ಅವರ ಸರ್ಕಾರವೇ ಮಣಿದು ಹೆಸರಿನ ಮುಂದೆ "ಸಿಟಿ ಆಫ್" ಎಂದು ಸೇರಿಸಿತು. ಸೇವೆಗೆ ಸೇರಿದ 1983ರಿಂದ ನಿವೃತ್ತಿಯವರೆಗೂ ಅದು ಹಾಗೆಯೇ ಓಡಾಡಿತು.

ಸಂಶಯಜೀವಿ

ಎರಡು ಪದ ಸೇರಿಸಿದ ಮಾತ್ರಕ್ಕೆ ಕ್ಷಿಪಣಿಗಳು ಪವಿತ್ರವಾದವೇ? ಇದು ಶುದ್ಧ ಕಣ್ಣೊರೆಸುವ ತಂತ್ರ. ಊರಿನ ಜನರೇ ದಿನನಿತ್ಯ ಬರೀ "ಕಾರ್ಪಸ್" ಎಂದು ಮೊಟಕುಗೊಳಿಸಿ ಕರೆಯುತ್ತಾರೆ. ಅಲ್ಲಿನ ಪೊಲೀಸ್ ಠಾಣೆ, ತೈಲ ಶುದ್ಧೀಕರಣ ಘಟಕ, ಕಾರು ಮಾರುವ ಅಂಗಡಿ, ಎಲ್ಲದರ ಫಲಕದ ಮೇಲೂ ಅದೇ ಹೆಸರಿರುವಾಗ ಜಲಾಂತರ್ಗಾಮಿಗೆ ಮಾತ್ರ ಏಕೆ ಆಕ್ಷೇಪ?

ಕೊಡಿಯಾಲದವಳು

ಅಂಗಡಿಯು ಮನುಷ್ಯರನ್ನು ಕೊಲ್ಲುವುದಕ್ಕೆಂದು ಕಟ್ಟಿದ್ದಲ್ಲ, ಅದಕ್ಕೆ. ಊರಿಗೆ ಆ ಹೆಸರಿರುವುದರಿಂದ ಯಾವ ವಿಶ್ವಾಸಿಗೂ ನೋವಿಲ್ಲ. ಅಲ್ಲಿನ ಕ್ಯಾಥೆಡ್ರಲ್‌ಗೂ ಅದೇ ಹೆಸರು, 1912ರಲ್ಲಿ ಸ್ಥಾಪನೆಯಾದ ಧರ್ಮಕ್ಷೇತ್ರಕ್ಕೂ ಅದೇ ಹೆಸರು. ಟಾರ್ಪಿಡೊ ಹೊತ್ತ ನೌಕೆಯ ಮೇಲೆ ಅದನ್ನು ಬರೆದಾಗ ಮಾತ್ರ ಅದು ಊರಿನ ಹೆಸರಾಗಿ ಕೇಳಿಸುವುದಿಲ್ಲ. ರಾಜಿ ಅರೆಬರೆಯದು ಎಂಬ ನಿಮ್ಮ ಮಾತು ಒಪ್ಪಿಗೆ, ಆದರೆ ಆಕ್ಷೇಪವೇ ಪೊಳ್ಳು ಎಂಬುದು ಒಪ್ಪಿಗೆಯಿಲ್ಲ.

ಹಡಗುಕಟ್ಟೆ

ತೈಲದ ಮಾತು ಬಂದದ್ದರಿಂದ ಒಂದು ಟಿಪ್ಪಣಿ. 1926ರಲ್ಲಿ ಈ ಬಂದರು ತೆರೆದಾಗ ಹತ್ತಿಯೇ ಮುಖ್ಯ ಸರಕಾಗಿತ್ತು. ಈಗ ಅಮೆರಿಕದ ಕಚ್ಚಾತೈಲ ರಫ್ತಿನಲ್ಲಿ ಇದೇ ಮೊದಲ ಸ್ಥಾನದಲ್ಲಿದೆ. ನಲವತ್ತು ವರ್ಷಗಳಿಂದ ಇದ್ದ ರಫ್ತು ನಿರ್ಬಂಧವನ್ನು 2015ರ ಡಿಸೆಂಬರ್‌ನಲ್ಲಿ ತೆಗೆದ ಮೇಲೆ, ಮೊದಲ ಹಡಗು ಹೊರಟದ್ದು ಇಲ್ಲಿಂದಲೇ, ಅದೂ ಆ ವರ್ಷದ ಕೊನೆಯ ದಿನ. ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ಪ್ರದೇಶದಿಂದ ಕೊಳವೆಗಳು ನೇರವಾಗಿ ಇಲ್ಲಿಗೇ ಬರುತ್ತವೆ. 1959ರ ಹಳೆಯ ಹಾರ್ಬರ್ ಸೇತುವೆಯ ಅಡಿಯಲ್ಲಿ 138 ಅಡಿ ಎತ್ತರದವರೆಗಿನ ಹಡಗು ಮಾತ್ರ ದಾಟಬಹುದಿತ್ತು. 2025ರಲ್ಲಿ ತೆರೆದ ಹೊಸ ಸೇತುವೆಯು ಅದನ್ನು 205 ಅಡಿಗೆ ಏರಿಸಿತು.

ಪಂಚಾಂಗಪ್ರಿಯ

ಚರ್ಚೆ ಕಚ್ಚಾತೈಲಕ್ಕೆ ಜಾರುವ ಮುನ್ನ ಮೇಷ್ಟ್ರಿಗೂ ಹಳೆಯ ನಕ್ಷೆಯವರಿಗೂ ಒಂದು ಪ್ರಶ್ನೆ. 1766ರ ಸಮೀಕ್ಷೆಯೂ ಹಬ್ಬದ ದಿನವೇ ಅಲ್ಲಿಗೆ ಮುಟ್ಟಿತ್ತೇ? ಆ ವರ್ಷದ ಈಸ್ಟರ್ ಮಾರ್ಚ್ 30ಕ್ಕೆ ಬರುತ್ತದೆ, ಹಾಗಾಗಿ ಹಬ್ಬ ಮೇ 29.

ಹಳೆಯ ನಕ್ಷೆ

ಓರ್ತಿಸ್ ಪಾರಿಯಾ ಆ ಕರಾವಳಿಯಲ್ಲಿ ಅಲೆದದ್ದು ಶರತ್ಕಾಲದಲ್ಲಿ, ಮೇ ತಿಂಗಳಲ್ಲಲ್ಲ. ಆದ್ದರಿಂದ ಹೆಸರು ಹಬ್ಬದಿಂದ ಬಂದಿದ್ದರೂ ಹಬ್ಬದ ದಿನವೇ ಬರಬೇಕೆಂಬ ನಿಯಮವೇನೂ ಇಲ್ಲ. ಸ್ಪೇನಿನವರು ಭಕ್ತಿಗಾಗಿಯೂ ಹೆಸರಿಡುತ್ತಿದ್ದರು, ಕ್ಯಾಲೆಂಡರ್ ನೋಡಿ ಮಾತ್ರವಲ್ಲ.

ಮಲ್ಲೇಶ್ವರದ ಮೇಷ್ಟ್ರು

ನೋಡಿ, ನೀವೇ ನನ್ನ ಕೈಗೆ ಕೋಲು ಕೊಟ್ಟಿರಿ. ಹಬ್ಬದ ತಿಂಗಳಿನಲ್ಲಿ ಅಲ್ಲೇ ಸುತ್ತುತ್ತಿದ್ದವನು ಪಿನೇದಾ, ನಿಮ್ಮವನು ಶರತ್ಕಾಲದವನು!

ಹಳೆಯ ನಕ್ಷೆ

ಸುತ್ತುತ್ತಿದ್ದದ್ದು ಸಾವಿರಾರು ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ, ಮೇಷ್ಟ್ರೇ. ಜೂನ್ 23ರಂದು ಅವನ ಹಡಗು ಯಾವ ಕೊಲ್ಲಿಯ ಮುಂದಿತ್ತೆಂದು ತೋರಿಸುವ ಒಂದೇ ಒಂದು ಸಾಲು ತನ್ನಿ, ಒಪ್ಪುತ್ತೇನೆ.

ಹ್ಯೂಸ್ಟನ್ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಜೂನ್‌ನ ಹಬ್ಬದ ಭಾನುವಾರದಂದೇ ಕುಟುಂಬದೊಂದಿಗೆ ಅಲ್ಲಿಗೆ ಹೋಗಿ ಕ್ಯಾಥೆಡ್ರಲ್ ನೋಡಿಬರುವ ಯೋಚನೆ ಇದೆ. ಕ್ರೈಸ್ತರಲ್ಲದವರು ಬಲಿಪೂಜೆಯ ವೇಳೆ ಒಳಗೆ ಕೂರಬಹುದೇ?

ಕೊಡಿಯಾಲದವಳು

ಧಾರಾಳವಾಗಿ ಕೂರಬಹುದು. ಪರಮಪ್ರಸಾದ ಸ್ವೀಕರಿಸಲು ಜನರು ಸಾಲುಗಟ್ಟಿದಾಗ ಮಾತ್ರ ನೀವು ನಿಮ್ಮ ಜಾಗದಲ್ಲಿಯೇ ಇರಿ, ಅದು ದೀಕ್ಷಾಸ್ನಾನವಾದ ಕಥೋಲಿಕರಿಗೆ ಮೀಸಲು. ಮೆರವಣಿಗೆಯಿದ್ದರೆ ಪಾತ್ರೆ ಮುಂದೆ ಹಾದುಹೋಗುವಾಗ ಜನರು ಮಂಡಿಯೂರುತ್ತಾರೆ, ನೀವು ಸುಮ್ಮನೆ ಎದ್ದು ನಿಂತರೂ ಸಾಕು.

ಹಡಗುಕಟ್ಟೆ

ಹೋಟೆಲ್ ಕಾಯ್ದಿರಿಸುವಾಗ ರದ್ದತಿಯ ನಿಯಮವನ್ನು ಓದಿಕೊಳ್ಳಿ. ಅಲ್ಲಿ ಚಂಡಮಾರುತದ ಋತು ಜೂನ್ 1ರಿಂದಲೇ ಲೆಕ್ಕ.